ಫಿರ್‌ಔನ್ ಮುಳುಗಿದ ಮೇಲೂ ಉಳಿದ ಭಯ

(ಜುಮಾ ಖುತ್ಬಾದ ಸಾರಾಂಶ)

ಜುಮಾ ನಮಾಝ್ ಮುಗಿದು ಹೊರಬರುವಾಗ ಮಸೀದಿಯ ಮೆಟ್ಟಿಲ ಬಳಿ ಇಮಾಮರಿಗಾಗಿ ಕಾದು ನಿಲ್ಲುವವರು ಪ್ರತಿ ವಾರವೂ ಇರುತ್ತಾರೆ. ಹಝ್ರತ್ ಎಂದು ಕರೆಯುವವರಿದ್ದಾರೆ, ಉಸ್ತಾದ್ ಎನ್ನುವವರಿದ್ದಾರೆ. ಅಹವಾಲು ಮಾತ್ರ ಹೆಚ್ಚುಕಡಿಮೆ ಒಂದೇ. ಎಷ್ಟು ದುಡಿದರೂ ಮನೆಯಲ್ಲಿ ಬರಕತ್ ಇಲ್ಲ. ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿದೆ. ಮಗ ಯಾವ ಕೆಲಸದಲ್ಲೂ ಮೂರು ತಿಂಗಳು ನಿಲ್ಲುವುದಿಲ್ಲ. ಯಾರದೋ ನಝರ್ ಬಿದ್ದಿರಬೇಕು, ಒಂದು ದುಆ ಮಾಡಿ.

ದುಆ ಮಾಡುತ್ತೇವೆ, ಮಾಡಲೇಬೇಕು. ನಝರ್ ಸತ್ಯವೆಂದು ಹದೀಸ್‌ನಲ್ಲಿಯೇ ಬಂದಿದೆ, ಅದನ್ನೂ ಅಲ್ಲಗಳೆಯುವುದಿಲ್ಲ. ಆದರೆ ಒಂದೇ ಮನೆಯವರು ಒಂದೇ ಅಹವಾಲನ್ನು ಐದಾರು ವರ್ಷದಿಂದ ಹೇಳುತ್ತಿದ್ದರೆ, ನಡುವೆ ಬಾಡಿಗೆ ಮನೆ ಬದಲಾಗಿ, ಅಂಗಡಿ ಬದಲಾಗಿ, ಊರೇ ಬದಲಾಗಿ, ಅಹವಾಲು ಮಾತ್ರ ಇದ್ದಲ್ಲೇ ಇದ್ದರೆ, ಅದರ ಬೇರು ಎಲ್ಲಿದೆ ಎಂದು ಒಮ್ಮೆ ಕುಳಿತು ಯೋಚಿಸಬೇಕಾಗುತ್ತದೆ. ಈ ಸಲದ ಖುತ್ಬಾದಲ್ಲಿ ನಾವು ಮಾತಾಡಿದ್ದು ಇದರ ಬಗ್ಗೆಯೇ. ಒಂದು ಕಷ್ಟ ನಮ್ಮ ಪರಿಸ್ಥಿತಿಯಿಂದ ಬಂದದ್ದೋ, ನಮ್ಮ ಮನಸ್ಸಿನ ರೂಢಿಯಿಂದ ಬಂದದ್ದೋ, ಅದನ್ನು ಗುರುತಿಸುವುದು ಹೇಗೆ?

ಮನಸ್ಸಿನ ಮಾತಿಗೆ ಬರುವ ಮುನ್ನ ಒಂದು ವಿಷಯ ಸ್ಪಷ್ಟವಾಗಬೇಕು. ಹಸಿದವನಿಗೆ, ಸಾಲಗಾರನಿಗೆ, ಕಾಯಿಲೆಯವನಿಗೆ "ಎಲ್ಲವೂ ನಿನ್ನ ಮನಸ್ಸಿನಲ್ಲಿದೆ" ಎಂದು ಉಪದೇಶ ಮಾಡಿ ಕಳಿಸುವುದು ಸುನ್ನತ್ ಅಲ್ಲ. ಒಂಟೆಯನ್ನು ಕಟ್ಟಿಹಾಕಿ ಅಲ್ಲಾಹನ ಮೇಲೆ ಭರವಸೆ ಇಡಲೇ, ಕಟ್ಟದೆಯೇ ಭರವಸೆ ಇಡಲೇ ಎಂದು ಕೇಳಿದವರಿಗೆ ಪ್ರವಾದಿ(ಸ)ರು ಮೊದಲು ಕಟ್ಟಲು ಹೇಳಿದರು. ತಿರ್ಮಿದಿಯಲ್ಲಿರುವ ಈ ಹದೀಸ್ ನಮ್ಮ ಮಕ್ಕಳಿಗೂ ಗೊತ್ತು. ಅಬೂದಾವೂದ್‌ನಲ್ಲಿ ಬರುವ ಇನ್ನೊಂದು ಘಟನೆ ಅಷ್ಟೇ ಮುಖ್ಯ. ಅನ್ಸಾರಿಯೊಬ್ಬರು ಬೇಡುತ್ತಾ ಬಂದಾಗ ಮನೆಯಲ್ಲಿ ಏನಿದೆ ಎಂದು ಪ್ರವಾದಿ(ಸ)ರು ವಿಚಾರಿಸಿದರು. ಇದ್ದದ್ದು ಎರಡೇ: ಅರ್ಧ ಹೊದೆದು ಅರ್ಧ ಹಾಸಿಕೊಳ್ಳುವ ಒಂದು ಬಟ್ಟೆ, ನೀರು ಕುಡಿಯುವ ಒಂದು ಬಟ್ಟಲು. ಅವುಗಳನ್ನು ತರಿಸಿ, ಅಲ್ಲಿಯೇ ಹರಾಜು ಹಾಕಿ, ಎರಡು ದಿರ್ಹಮ್‌ಗೆ ಮಾರಿದರು. ಒಂದು ದಿರ್ಹಮ್ ಮನೆಯ ಊಟಕ್ಕೆ, ಇನ್ನೊಂದು ಕೊಡಲಿಗೆ. ಕೊಡಲಿಗೆ ಕಾವು ಹಾಕಿಕೊಟ್ಟದ್ದು ಪ್ರವಾದಿ(ಸ)ರ ಸ್ವಂತ ಕೈ. ಹದಿನೈದು ದಿನ ನನಗೆ ಮುಖ ತೋರಿಸಬೇಡ, ಸೌದೆ ಕಡಿದು ಮಾರು ಎಂದು ಕಳಿಸಿದರು. ಆ ವ್ಯಕ್ತಿ ಮರಳಿ ಬಂದಾಗ ಕೈಯಲ್ಲಿ ಹತ್ತು ದಿರ್ಹಮ್ ಇತ್ತು.

ಅವರ ತೊಂದರೆ ಬಂಡವಾಳ ಮತ್ತು ಉಪಕರಣದ ತೊಂದರೆಯಾಗಿತ್ತು. ಉಪಕರಣ ಸಿಕ್ಕಿತು, ತೊಂದರೆ ಹದಿನೈದೇ ದಿನದಲ್ಲಿ ಕರಗಿತು. ಇಲ್ಲಿ ಗಮನಿಸಬೇಕಾದದ್ದು ಈ ಕರಗಿದ್ದನ್ನು. ಕಾರಣ ನಿಜವಾಗಿಯೂ ಹೊರಗಿದ್ದರೆ, ಆ ಕಾರಣ ಹೋದಾಗ ಕಷ್ಟವೂ ಹೋಗುತ್ತದೆ; ಪೂರ್ತಿ ಹೋಗದಿದ್ದರೂ ಹಗುರಾಗುತ್ತದೆ. ಕಾರಣ ಹೋದ ಮೇಲೂ ಕಷ್ಟ ಅಲ್ಲೇ ಕುಳಿತಿದ್ದರೆ?

ಇದಕ್ಕೆ ಪವಿತ್ರ ಕುರ್‌ಆನ್‌ನಲ್ಲಿ ಬನೀ ಇಸ್ರಾಈಲರ ಚರಿತ್ರೆಗಿಂತ ದೊಡ್ಡ ಉದಾಹರಣೆಯಿಲ್ಲ. ಕುರ್‌ಆನ್ ಓದುವಾಗ ಮೂಸಾ(ಅ)ರ ಹೆಸರು ಇಷ್ಟೊಂದು ಸಲ ಏಕೆ ಬರುತ್ತದೆ ಎಂದು ಹಲವರು ಕೇಳುತ್ತಾರೆ. ಒಂದು ಉತ್ತರ ಇಲ್ಲಿದೆ. ಆ ಜನಾಂಗದ ಕಷ್ಟಕ್ಕೆ ಕಾರಣ ಹುಡುಕಬೇಕಾಗಿಯೇ ಇರಲಿಲ್ಲ. ಫಿರ್‌ಔನ್ ಅವರನ್ನು ಗುಲಾಮರನ್ನಾಗಿ ಮಾಡಿದ್ದ, ಗಂಡುಮಕ್ಕಳನ್ನು ಕೊಲ್ಲಿಸುತ್ತಿದ್ದ. ಇದನ್ನು ಮನಸ್ಸಿನ ದೌರ್ಬಲ್ಯ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅಲ್ಲಾಹನು ಆ ಕಾರಣವನ್ನು ಅವರ ಕಣ್ಣೆದುರೇ ತೆಗೆದುಹಾಕಿದನು. ಸಮುದ್ರ ಸೀಳಿತು, ಅವರು ದಾಟಿದರು, ಫಿರ್‌ಔನ್ ತನ್ನ ಸೇನೆಯೊಂದಿಗೆ ಮುಳುಗಿದ. ಇಷ್ಟು ಸ್ಪಷ್ಟವಾಗಿ ಹೊರಗಿನ ಕಾರಣವೊಂದು ಕೊನೆಗೊಂಡ ಇನ್ನೊಂದು ಚರಿತ್ರೆ ನಮಗೆ ಸಿಗಲಾರದು.

ಆ ಮೇಲೆ ಏನಾಯಿತು? ಸಮುದ್ರ ದಾಟಿದವರು ದಾರಿಯಲ್ಲಿ ವಿಗ್ರಹಗಳ ಮುಂದೆ ಕುಳಿತಿದ್ದ ಒಂದು ಜನರನ್ನು ಕಂಡರು. ನಮಗೂ ಅಂಥದ್ದೊಂದು ದೇವರನ್ನು ಮಾಡಿಕೊಡು ಎಂದು ಮೂಸಾ(ಅ)ರನ್ನೇ ಕೇಳಿದರು. ಅಅ್‌ರಾಫ್ ಅಧ್ಯಾಯದಲ್ಲಿ ಸಮುದ್ರ ದಾಟಿದ ಮಾತು, ಈ ಬೇಡಿಕೆಯ ಮಾತು ಒಂದೇ ಸೂಕ್ತದಲ್ಲಿವೆ (7:138). ಮರುಭೂಮಿಯಲ್ಲಿ ಮನ್ನ ಮತ್ತು ಸಲ್ವಾ ಬೆವರು ಸುರಿಸದೆ ಸಿಗುತ್ತಿದ್ದಾಗ ಅವರಿಗೆ ಸೌತೆಕಾಯಿ, ಬೆಳ್ಳುಳ್ಳಿ, ಬೇಳೆ, ಈರುಳ್ಳಿಯ ನೆನಪಾಯಿತು (2:61). ನೆಲದ ಬೆಳೆ ಬೇಡುವುದು ಪಾಪವೇನಲ್ಲ, ನಮ್ಮ ಮನೆಯಲ್ಲಿ ಈರುಳ್ಳಿ ಇಲ್ಲದೆ ಒಲೆ ಹೊತ್ತುವುದಿಲ್ಲ. ಆದರೆ ಆ ಬೇಡಿಕೆಯೊಳಗೆ ಗುಲಾಮಗಿರಿಯ ಊಟದ ನೆನಪು ಸ್ವಾತಂತ್ರ್ಯದ ಊಟಕ್ಕಿಂತ ರುಚಿಯಾಗಿ ಕಾಣುತ್ತಿತ್ತು. ಉತ್ತಮವಾದದ್ದನ್ನು ಕೊಟ್ಟು ಕೀಳಾದದ್ದನ್ನು ಕೊಳ್ಳುವಿರಾ ಎಂದು ಮೂಸಾ(ಅ)ರು ಕೇಳಿದ್ದು ಅದಕ್ಕೇ.

ಕೊನೆಯ ಪರೀಕ್ಷೆ ಪವಿತ್ರ ಭೂಮಿಯ ಬಾಗಿಲಲ್ಲಿ ನಡೆಯಿತು. ಅಲ್‌ಮಾಇದ ಅಧ್ಯಾಯದ 20ರಿಂದ 26ರವರೆಗಿನ ಸೂಕ್ತಗಳನ್ನು ಮನೆಯಲ್ಲಿ ಅನುವಾದದೊಂದಿಗೆ ಒಮ್ಮೆ ಓದಿ ನೋಡಿ. ಒಳಗೆ ಹೋಗಿ, ಅಲ್ಲಾಹನು ಇದನ್ನು ನಿಮಗೆ ಬರೆದಿದ್ದಾನೆ ಎಂದು ಮೂಸಾ(ಅ)ರು ಹೇಳುತ್ತಾರೆ. ಅಲ್ಲಿ ಬಲಿಷ್ಠರಿದ್ದಾರೆ, ಅವರು ಹೊರಟುಹೋದರೆ ಮಾತ್ರ ನಾವು ಒಳಗೆ ಹೋಗುತ್ತೇವೆ ಎಂಬುದು ಜನರ ಉತ್ತರ. ಆಗ ಅಲ್ಲಾಹನನ್ನು ಭಯಪಡುವ ಇಬ್ಬರು ವ್ಯಕ್ತಿಗಳು ಮುಂದೆ ಬಂದು, ಬಾಗಿಲಿನಿಂದ ನುಗ್ಗಿ, ನುಗ್ಗಿದರೆ ಗೆದ್ದಂತೆಯೇ ಎಂದು ಧೈರ್ಯ ಹೇಳುತ್ತಾರೆ. ತಫ್ಸೀರ್‌ಕಾರರು ಅವರನ್ನು ಯೂಶಅ್ ಮತ್ತು ಕಾಲಿಬ್ ಎಂದು ಗುರುತಿಸಿದ್ದಾರೆ. ಜನರ ಉತ್ತರ ಈಗ ಇನ್ನಷ್ಟು ಒರಟಾಗುತ್ತದೆ: ನೀನೂ ನಿನ್ನ ಪ್ರಭುವೂ ಹೋಗಿ ಹೋರಾಡಿ, ನಾವು ಇಲ್ಲಿಯೇ ಕುಳಿತಿರುತ್ತೇವೆ.

ಈ ಪ್ರಸಂಗದಲ್ಲಿ ನಮಗೆ ಬೇಕಾದ ಗುರುತುಗಳೆಲ್ಲ ಇವೆ. ಫಿರ್‌ಔನ್ ಇಲ್ಲ, ಆದರೂ ಭಯ ಇದೆ. ಅದು ಬೇರೊಬ್ಬರ ಹೆಸರು ಹಿಡಿದುಕೊಂಡಿದೆ, ಅಷ್ಟೇ. ನಿನ್ನೆ ಫಿರ್‌ಔನ್ ಕಾರಣ, ಇಂದು ಆ ಬಲಿಷ್ಠರು ಕಾರಣ. ಆ ಇಬ್ಬರು ಪರದೇಶದಿಂದ ಬಂದವರಲ್ಲ. ಅದೇ ಜನಾಂಗದವರು, ಅದೇ ಗುಲಾಮಗಿರಿಯಲ್ಲಿ ಬೆಳೆದವರು, ಅದೇ ಮರಳಿನಲ್ಲಿ ನಡೆದವರು. ಪರಿಸ್ಥಿತಿ ಎಲ್ಲರಿಗೂ ಒಂದೇ ಆಗಿದ್ದು ಇಬ್ಬರಿಗೆ ಬಾಗಿಲು ಕಂಡರೆ, ಉಳಿದವರಿಗೆ ಕಾಣದಿರುವುದಕ್ಕೆ ಪರಿಸ್ಥಿತಿಯೊಂದೇ ಕಾರಣ ಎನ್ನಲಾಗದು. ದಾರಿ ತೋರಿಸಿದಾಗ ಜನರ ಮುಖ ಅರಳಲಿಲ್ಲ ಎಂಬುದನ್ನೂ ನೋಡಿ. ದಾರಿ ಹುಡುಕುತ್ತಿರುವವನಿಗೆ ದಾರಿ ತೋರಿಸಿದರೆ ಸಂತೋಷವಾಗಬೇಕು. ಸಿಟ್ಟು ಬಂದರೆ ಅವನು ದಾರಿಯನ್ನು ಹುಡುಕುತ್ತಿರಲಿಲ್ಲ ಎಂದಾಯಿತು.

ಆ ಭೂಮಿ ಅವರಿಗೆ 40 ವರ್ಷ ನಿಷಿದ್ಧವಾಯಿತು. 40 ವರ್ಷವೇ ಏಕೆ? ಟ್ಯೂನಿಸ್‌ನಲ್ಲಿ 1332ರಲ್ಲಿ ಹುಟ್ಟಿದ ಚರಿತ್ರಕಾರ ಇಬ್ನ್ ಖಲ್ದೂನ್ ತಮ್ಮ ಮುಕದ್ದಿಮಾದಲ್ಲಿ ಈ ಬಗ್ಗೆ ಬರೆದಿದ್ದಾರೆ. ದಬ್ಬಾಳಿಕೆಯ ಕೆಳಗೆ ಬಾಗಿ ಬಾಗಿ ಅದೇ ಸ್ವಭಾವವಾಗಿಬಿಟ್ಟ ತಲೆಮಾರು ಕಳೆದು, ಗುಲಾಮಗಿರಿಯನ್ನೇ ಅರಿಯದ ಮರುಭೂಮಿಯ ಮಕ್ಕಳು ಬೆಳೆದು ನಿಲ್ಲಲು ಅಷ್ಟು ಕಾಲ ಬೇಕಾಯಿತು ಎಂಬುದು ಅವರ ವಿವರಣೆಯ ಸಾರ. ಸಮುದ್ರ ದಾಟಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ, ಮನಸ್ಸು ದಾಟಲು ಒಂದು ತಲೆಮಾರು ಹಿಡಿಯಿತು. ಬದ್ರ್‌ಗೆ ಹೊರಡುವ ಮುನ್ನ ಸಹಾಬಿ ಮಿಕ್ದಾದ್(ರ)ರು ಪ್ರವಾದಿ(ಸ)ರ ಮುಂದೆ ನಿಂತು, ಮೂಸಾ(ಅ)ರ ಜನರು ಹೇಳಿದಂತೆ ನಾವು ಹೇಳಲಾರೆವು ಎಂದರು. ಬುಖಾರಿಯಲ್ಲಿದೆ ಈ ಮಾತು. ಅವರ ಬಳಿ ಆ ದಿನ ಸವಾರಿಗೆ ಸಾಕಷ್ಟು ಒಂಟೆಗಳೂ ಇರಲಿಲ್ಲ.

ಈಗ ನಮ್ಮ ಮನೆಗಳಿಗೆ ಬರೋಣ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಊಹಿಸಲು ಕಷ್ಟವಿಲ್ಲ, ನಮ್ಮ ಪ್ರತಿ ಮೊಹಲ್ಲಾದಲ್ಲೂ ಇಂಥದ್ದು ನಾಲ್ಕಿವೆ. ಮನೆಯ ಯಜಮಾನ ಅಂಗಡಿಯಲ್ಲಿ ಕೆಲಸ ಮಾಡುತ್ತಾ ತಿಂಗಳಿಗೆ 15,000 ರೂಪಾಯಿ ತರುತ್ತಾನೆ. ತಿಂಗಳ ಕೊನೆಗೆ 3,000 ಸಾಲದು. ಇದು ನಿಜವಾದ ಕೊರತೆ. 15,000ದಲ್ಲಿ ಬಾಡಿಗೆ ಕಟ್ಟಿ, ಮಕ್ಕಳ ಫೀಸು ಕಟ್ಟಿ, ತಾಯಿಯ ಔಷಧಿ ತಂದು ಸಂಸಾರ ನಡೆಸುವ ಹೆಂಗಸಿಗೆ ಯಾರೂ ಮನಸ್ಸಿನ ಪಾಠ ಹೇಳುವ ಹಾಗಿಲ್ಲ. ಮಗ ದೊಡ್ಡವನಾಗಿ ಗಲ್ಫ್‌ಗೆ ಹೋದ. ಈಗ ಮನೆಗೆ 50,000 ಬರುತ್ತದೆ. ಎರಡು ವರ್ಷ ಬಿಟ್ಟು ವಿಚಾರಿಸಿದರೆ ತಿಂಗಳಿಗೆ 10,000 ಸಾಲದು. ತಾಯಿಯ ಬಳೆ ಬ್ಯಾಂಕಿನಲ್ಲಿದೆ. ಮನೆಯ ಮೇಲೆ ಇನ್ನೊಂದು ಅಂತಸ್ತು ಅರ್ಧಕ್ಕೆ ನಿಂತು ಕಬ್ಬಿಣದ ಸರಳುಗಳು ಆಕಾಶ ನೋಡುತ್ತಿವೆ. ಬರಕತ್ ಇಲ್ಲ, ಯಾರದೋ ಕಣ್ಣು ಬಿದ್ದಿದೆ ಎನ್ನುತ್ತಾರೆ.

ಆದಾಯ ಮೂರು ಪಟ್ಟು ಆದಾಗ ಕೊರತೆಯೂ ಮೂರು ಪಟ್ಟು ಆದರೆ ಆ ಕೊರತೆಯನ್ನು ಸಂಬಳದಲ್ಲಿ ಹುಡುಕಿ ಫಲವಿಲ್ಲ. ಪಕ್ಕದ ಮನೆಯವರು ಎರಡಂತಸ್ತು ಕಟ್ಟಿದ ದಿನವೇ ನಮ್ಮ ಒಂದಂತಸ್ತು ಚಿಕ್ಕದಾಗಿ ಕಂಡಿತ್ತು. ಅವರ ಮಗಳ ನಿಕಾಹ್‌ಗೆ ಎಷ್ಟು ಜನ ಉಂಡರೋ ನಮ್ಮಲ್ಲಿ ಅದಕ್ಕಿಂತ ಕಡಿಮೆಯಾದರೆ ಜನ ಏನೆಂದಾರು ಎಂಬ ಭಯ ಒಳಗೆ ಕುಳಿತಿತ್ತು. ಆ ಭಯಕ್ಕೆ 15,000 ಬಂದರೂ ಸಾಲದು, ಎರಡು ಲಕ್ಷ ಬಂದರೂ ಸಾಲದು. ಒಂದು ಕಣಿವೆ ತುಂಬ ಚಿನ್ನ ಸಿಕ್ಕಿದರೂ ಮನುಷ್ಯ ಎರಡನೇ ಕಣಿವೆ ಬಯಸುತ್ತಾನೆಂದು ಪ್ರವಾದಿ(ಸ)ರು ಎಚ್ಚರಿಸಿದ್ದು ಬಡವರನ್ನು ಉದ್ದೇಶಿಸಿ ಅಲ್ಲ. ನಿಜವಾದ ಶ್ರೀಮಂತಿಕೆ ಸೊತ್ತಿನ ರಾಶಿಯಲ್ಲಿಲ್ಲ, ಮನಸ್ಸಿನ ತೃಪ್ತಿಯಲ್ಲಿದೆ ಎಂಬ ಅವರ ಬೋಧನೆಯನ್ನು ನಾವು ಕೈಯಲ್ಲಿ ಹಣವಿಲ್ಲದಾಗ ಸಮಾಧಾನಕ್ಕೆಂದು ನೆನೆಯುತ್ತೇವೆ. ಕೈಯಲ್ಲಿ ಹಣ ಬಂದಾಗ ನೆನೆಯಬೇಕಾದ ಮಾತದು.

ಇದರ ಎದುರು ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರನ್ನು ಇಟ್ಟು ನೋಡಿ. ಮಕ್ಕಾದಲ್ಲಿದ್ದದ್ದನ್ನೆಲ್ಲ ಬಿಟ್ಟು ಬರಿಗೈಯಲ್ಲಿ ಮದೀನಕ್ಕೆ ಬಂದವರು. ಪ್ರವಾದಿ(ಸ)ರು ಅವರನ್ನು ಸಅದ್ ಬಿನ್ ರಬೀಅ್(ರ)ರೊಂದಿಗೆ ಸಹೋದರತ್ವದಲ್ಲಿ ಸೇರಿಸಿದಾಗ ಸಅದ್(ರ)ರು ತಮ್ಮ ಸೊತ್ತಿನಲ್ಲಿ ಅರ್ಧ ತೆಗೆದುಕೊಳ್ಳಿ ಎಂದರು. ನಮಗೆ ಯಾರಾದರೂ ಹೀಗೆ ಹೇಳಿದ್ದರೆ ಏನು ಮಾಡುತ್ತಿದ್ದೆವು ಎಂಬುದನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು. ಅಬ್ದುರ್ರಹ್ಮಾನ್(ರ)ರು, ಅಲ್ಲಾಹನು ನಿಮ್ಮ ಕುಟುಂಬದಲ್ಲಿಯೂ ಸೊತ್ತಿನಲ್ಲಿಯೂ ಬರಕತ್ ನೀಡಲಿ, ನನಗೆ ಮಾರುಕಟ್ಟೆಯ ದಾರಿ ತೋರಿಸಿ ಎಂದು ಕೇಳಿದರು. ಬೆಣ್ಣೆ ತೆಗೆದ ಹಾಲಿನ ಗಿಣ್ಣು, ತುಪ್ಪ ಇಂಥವುಗಳ ವ್ಯಾಪಾರ ಶುರುವಾಯಿತು. ಕೆಲವೇ ದಿನಗಳಲ್ಲಿ ಬಟ್ಟೆಯ ಮೇಲೆ ಸುಗಂಧದ ಹಳದಿ ಗುರುತು ಕಂಡು ಏನಿದು ಎಂದು ಪ್ರವಾದಿ(ಸ)ರು ಕೇಳಿದಾಗ, ಮದುವೆಯಾದೆ ಎಂದರು. ಮಹ್ರ್ ಖರ್ಜೂರದ ಬೀಜದ ತೂಕದಷ್ಟು ಚಿನ್ನ. ಒಂದು ಆಡನ್ನಾದರೂ ಕೊಯ್ದು ವಲೀಮಾ ಮಾಡಿ ಎಂದು ಪ್ರವಾದಿ(ಸ)ರು ಹೇಳಿದರು.

ಪ್ರವಾದಿ(ಸ)ರನ್ನೇ ಮದುವೆಗೆ ಕರೆಯದೆ ನಡೆದ ನಿಕಾಹ್ ಅದು. ಅದರಿಂದ ಯಾರ ಮರ್ಯಾದೆಯೂ ಹೋಗಲಿಲ್ಲ. ನಮ್ಮಲ್ಲಿ ಮಾವನ ಚಿಕ್ಕಪ್ಪನ ಮಗನಿಗೆ ಕಾರ್ಡು ತಲುಪದಿದ್ದರೆ ಹತ್ತು ವರ್ಷ ಮಾತು ಬಿಡುತ್ತಾರೆ. ಅಬ್ದುರ್ರಹ್ಮಾನ್(ರ)ರು ಮುಂದೆ ಮದೀನದ ಅತಿ ಶ್ರೀಮಂತರ ಸಾಲಿಗೆ ಸೇರಿದರು. ಬರಿಗೈಯಲ್ಲಿ ಬಂದ ದಿನವೂ ಮಾರುಕಟ್ಟೆಯ ದಾರಿ ಕೇಳುವ ಮನಸ್ಸು ಅವರೊಂದಿಗೆ ಇತ್ತು.

ಹಣದ ವಿಷಯವನ್ನು ನಾವು ಹೆಚ್ಚು ಹೇಳಿದ್ದು ಲೆಕ್ಕ ಕಣ್ಣಿಗೆ ಕಾಣುತ್ತದೆ ಎಂಬ ಕಾರಣಕ್ಕೆ. ಸಂಬಂಧಗಳ ವಿಷಯದಲ್ಲೂ ಇದೇ ಪರೀಕ್ಷೆ ನಡೆಯುತ್ತದೆ. ಮೊದಲ ಪಾಲುದಾರ ಮೋಸ ಮಾಡಿದ ಎಂದರೆ ನಂಬಬಹುದು, ಮೋಸಗಾರರು ಇದ್ದಾರೆ. ಎರಡನೆಯವನೂ ಮಾಡಿದನೆಂದರೆ ದುರದೃಷ್ಟ ಎನ್ನೋಣ. ನಾಲ್ಕನೆಯ ಪಾಲುದಾರನೂ, ಬಾಡಿಗೆ ಮನೆಯ ಮಾಲೀಕನೂ, ಜಮಾಅತ್ ಕಮಿಟಿಯೂ, ಸ್ವಂತ ತಮ್ಮನೂ ಸೇರಿ ಒಬ್ಬನಿಗೇ ಮೋಸ ಮಾಡಿದರೆಂದಾಗ ಆ ಎಲ್ಲ ಜಗಳಗಳಲ್ಲೂ ತಪ್ಪದೆ ಹಾಜರಿದ್ದ ಒಬ್ಬನೇ ವ್ಯಕ್ತಿಯನ್ನು ವಿಚಾರಿಸಬೇಕಾಗುತ್ತದೆ. ಅಹವಾಲು ಹೇಳುವವರ ಮಾತನ್ನು ಕೇಳುತ್ತಾ ಕೇಳುತ್ತಾ ನಾವು ಒಂದನ್ನು ಗಮನಿಸಿದ್ದೇವೆ. ಅರ್ಧ ಗಂಟೆಯ ಮಾತಿನಲ್ಲಿ ಅವನು ಹೀಗೆ ಮಾಡಿದ, ಅವಳು ಹಾಗೆ ಅಂದಳು ಎಂಬುದು ಬರುತ್ತದೆ. ಆಗ ನಾನು ಏನು ಮಾಡಿದೆ ಎಂಬುದು ಒಮ್ಮೆಯೂ ಬರುವುದಿಲ್ಲ. ಉಹುದ್‌ನ ಸೋಲಿನ ನಂತರ ಇದು ಎಲ್ಲಿಂದ ಬಂತು ಎಂದು ಕೇಳಿದ ಮುಸ್ಲಿಮರಿಗೆ ಆಲ ಇಮ್ರಾನ್ ಅಧ್ಯಾಯ ಕೊಟ್ಟ ಉತ್ತರ, ನಿಮ್ಮಿಂದಲೇ ಬಂತು ಎಂಬುದು (3:165). ಗುಡ್ಡದ ಮೇಲೆ ನಿಲ್ಲಿಸಿದ್ದ 50 ಮಂದಿ ಬಿಲ್ಲುಗಾರರಲ್ಲಿ ಹೆಚ್ಚಿನವರು ಸೊತ್ತಿನ ಆಸೆಗೆ ಕೆಳಗಿಳಿದಿದ್ದರು. ಶತ್ರುವಿನ ಸಂಖ್ಯೆ ದೊಡ್ಡದಿತ್ತು ಎಂಬುದೂ ಸುಳ್ಳಲ್ಲ. ಆದರೆ ಅದಕ್ಕಿಂತ ಒಂದು ವರ್ಷ ಹಿಂದೆ ಬದ್ರ್‌ನಲ್ಲಿಯೂ ಶತ್ರುವಿನ ಸಂಖ್ಯೆ ದೊಡ್ಡದೇ ಇತ್ತು. ಹುನೈನ್‌ನಲ್ಲಿ ನಮ್ಮವರ ಸಂಖ್ಯೆಯೇ 12,000 ಆಗಿತ್ತು, ಆ ಸಂಖ್ಯೆಯ ಹೆಮ್ಮೆ ಮೊದಲ ಗಳಿಗೆಯಲ್ಲಿ ಉಪಯೋಗಕ್ಕೆ ಬರಲಿಲ್ಲ ಎಂದು ತೌಬಾ ಅಧ್ಯಾಯ ನೆನಪಿಸುತ್ತದೆ (9:25).

ಸಮುದಾಯದ ಮಟ್ಟದಲ್ಲಿ ಈ ಪರೀಕ್ಷೆಯನ್ನು ಇನ್ನೂ ಎಚ್ಚರಿಕೆಯಿಂದ ಮಾಡಬೇಕು. ಏಕೆಂದರೆ ಇಲ್ಲಿ ಎರಡೂ ಕಾರಣಗಳು ಒಟ್ಟಿಗೆ ಹೆಣೆದುಕೊಂಡಿವೆ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ 2006ರಲ್ಲಿ ಬಂತು. 2001ರ ಜನಗಣತಿಯ ಪ್ರಕಾರ ದೇಶದ ಸಾಕ್ಷರತೆ 65.1 ಶೇಕಡಾ ಇದ್ದಾಗ ಮುಸ್ಲಿಮರದ್ದು 59.1 ಶೇಕಡಾ. ಬ್ಯಾಂಕ್ ಸಾಲದಲ್ಲಿ, ಸರಕಾರಿ ಉದ್ಯೋಗದಲ್ಲಿ ನಮ್ಮ ಪಾಲು ನಮ್ಮ ಜನಸಂಖ್ಯೆಗೆ ತಕ್ಕಷ್ಟಿಲ್ಲ ಎಂದು ಆ ವರದಿ ದಾಖಲೆ ಸಮೇತ ತೋರಿಸಿತು. ಇವು ಮನಸ್ಸಿನ ಭ್ರಮೆಗಳಲ್ಲ. ಇವುಗಳಿಗೆ ಉತ್ತರವನ್ನು ಸರಕಾರದಿಂದಲೇ ಕೇಳಬೇಕು, ಕೇಳುತ್ತಲೇ ಇರಬೇಕು.

ಹೀಗಿದ್ದೂ "ನಮಗೆಲ್ಲಿ ಕೊಡ್ತಾರೆ" ಎಂಬ ಒಂದು ಮಾತು ನಮ್ಮಲ್ಲಿ ಓಡಾಡುತ್ತಿದೆ. ಅದು ಯಾವಾಗ ಹೊರಗಿನ ಕಾರಣ, ಯಾವಾಗ ಒಳಗಿನದು ಎಂದು ತಿಳಿಯಲು ಅರ್ಜಿಯನ್ನು ನೋಡಿದರೆ ಸಾಕು. ಅರ್ಜಿ ಹಾಕಿ, ದಾಖಲೆ ಕೊಟ್ಟು, ಅದು ತಿರಸ್ಕೃತವಾಗಿದ್ದರೆ ಕಾರಣ ಹೊರಗಿದೆ; ಮೇಲ್ಮನವಿ ಹಾಕಬೇಕು, ಅದಕ್ಕೆ ಜಮಾಅತ್ ಜೊತೆ ನಿಲ್ಲಬೇಕು. ಅರ್ಜಿಯ ಕೊನೆಯ ದಿನಾಂಕ ಕಳೆದುಹೋಗಿ, ಅರ್ಜಿಯನ್ನೇ ಹಾಕದೆ ಕೊಡ್ತಾರೆಯೇ ಎಂದು ಕೇಳುತ್ತಿದ್ದರೆ ನಾವು ಪವಿತ್ರ ಭೂಮಿಯ ಬಾಗಿಲಾಚೆ ಕುಳಿತವರ ಮಾತನ್ನೇ ಆಡುತ್ತಿದ್ದೇವೆ. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಬಂದ ಹೆಣ್ಣುಮಗುವಿಗೆ ಪಿಯುಸಿ ಅರ್ಜಿ ತಂದುಕೊಡದೆ ನಮ್ಮಲ್ಲಿ ಓದಿ ಏನು ಸಿಗುತ್ತದೆ ಎನ್ನುವ ತಂದೆಯನ್ನು ತಡೆದ ಬಲಿಷ್ಠರು ಯಾರು?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಭಯ ನಮಗಿದೆ. ಈ ಖುತ್ಬಾ ಕೇಳಿ ಮನೆಗೆ ಹೋದವರು ಇದನ್ನು ಬೇರೆಯವರ ಮೇಲೆ ಬಳಸಲು ಶುರು ಮಾಡಬಹುದು. ಅತ್ತೆ ಸೊಸೆಗೆ, ಗಂಡ ಹೆಂಡತಿಗೆ, ಧಣಿ ಕೆಲಸದವನಿಗೆ "ನಿನ್ನ ಮನಸ್ಸು ಸರಿಯಿಲ್ಲ, ಇಮಾಮರೇ ಹೇಳಿದ್ದಾರೆ" ಎನ್ನಬಹುದು. ಅಂಥವರು ಮುಜಾದಲ ಅಧ್ಯಾಯದ ಮೊದಲ ಸೂಕ್ತಗಳನ್ನು ಓದಬೇಕು. ಖೌಲಾ ಬಿನ್ತ್ ಸಅಲಬಾ(ರ)ರ ಗಂಡ ಅಂದಿನ ಅರಬರ ಪದ್ಧತಿಯಂತೆ ನೀನು ನನಗೆ ತಾಯಿಯ ಬೆನ್ನಿನಂತೆ ಎಂದುಬಿಟ್ಟಿದ್ದರು. ಆ ಒಂದು ಮಾತಿನಿಂದ ಹೆಂಡತಿ ಅತ್ತ ಸಂಸಾರಕ್ಕೂ ಇಲ್ಲ, ಇತ್ತ ಬಿಡುಗಡೆಗೂ ಇಲ್ಲ ಎಂಬ ಸ್ಥಿತಿ. ಅವರು ಪ್ರವಾದಿ(ಸ)ರ ಬಳಿ ಬಂದು ವಾದಿಸಿದರು, ಅಲ್ಲಾಹನಲ್ಲಿ ದೂರಿಕೊಂಡರು. ಸಬ್ರ್ ಮಾಡು, ಮನಸ್ಸು ಬದಲಿಸಿಕೋ ಎಂಬ ಆದೇಶ ಆಕಾಶದಿಂದ ಇಳಿಯಲಿಲ್ಲ. ಅಲ್ಲಾಹನು ಆಕೆಯ ಮಾತನ್ನು ಕೇಳಿದನೆಂದು ಕುರ್‌ಆನ್ ಸಾರಿತು, ಆ ಪದ್ಧತಿಯನ್ನೇ ಖಂಡಿಸಿತು, ಹಾಗೆ ಹೇಳಿದ ಗಂಡನ ಮೇಲೆ ಪ್ರಾಯಶ್ಚಿತ್ತವನ್ನು ವಿಧಿಸಿತು. ಆಕೆಯ ಕಷ್ಟದ ಕಾರಣ ಹೊರಗಿತ್ತು, ಬದಲಾದದ್ದು ಹೊರಗಿನ ನಿಯಮ. ಹೊಡೆತ ತಿನ್ನುತ್ತಿರುವ ಹೆಣ್ಣುಮಗಳಿಗೆ ಮನೋಭಾವ ತಿದ್ದಿಕೋ ಎಂದು ಹೇಳುವ ಹಿರಿಯರಿಗೆ ಈ ಅಧ್ಯಾಯ ನೆನಪಿರಲಿ. ಹಿಜರಿ 18ರ ಬರಗಾಲದಲ್ಲಿ ಹಝ್ರತ್ ಉಮರ್(ರ)ರು ಹಸಿದು ಕದ್ದವನ ಮೇಲೆ ಕಳ್ಳತನದ ಶಿಕ್ಷೆ ಜಾರಿ ಮಾಡಲಿಲ್ಲ. ಬೇರೆ ಪ್ರಾಂತ್ಯಗಳಿಂದ ಧಾನ್ಯ ತರಿಸಿದರು, ಜನರಿಗೆ ತುಪ್ಪ ಸಿಗುವವರೆಗೆ ತಾವೂ ತುಪ್ಪ ಮುಟ್ಟಲಿಲ್ಲ. ಹಾಗಾಗಿ ಈ ಪರೀಕ್ಷೆಯನ್ನು ಪ್ರತಿಯೊಬ್ಬರೂ ತಮ್ಮ ಮೇಲೆ ಮಾತ್ರ ಮಾಡಿಕೊಳ್ಳಬೇಕು.

ಮನಸ್ಸಿನ ರೂಢಿ ಬೇರೆ, ಮನಸ್ಸಿನ ಕಾಯಿಲೆ ಬೇರೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ವುಝೂ ಮಾಡುವ ಜಾಗದಲ್ಲಿ ಕೆಲವರು ಕೈ ತೊಳೆದು, ಮತ್ತೆ ತೊಳೆದು, ಮುಖ ತೊಳೆದು, ಆಗಲಿಲ್ಲವೇನೋ ಎಂದು ಮೊದಲಿನಿಂದ ಶುರು ಮಾಡಿ, ಅಷ್ಟರಲ್ಲಿ ಒಂದು ರಕಅತ್ ಹೋಗಿರುತ್ತದೆ. ನಲ್ಲಿ ಬದಲಿಸುತ್ತಾರೆ, ಮನೆಯಿಂದಲೇ ವುಝೂ ಮಾಡಿ ಬಂದು ಇಲ್ಲಿ ಮತ್ತೆ ಮಾಡುತ್ತಾರೆ. ಪ್ರವಾದಿ(ಸ)ರ ವುಝೂ ಒಂದು ಮುದ್ದ್ ನೀರಿನಲ್ಲಿ, ಎಂದರೆ ಸುಮಾರು ಒಂದು ಲೀಟರಿನೊಳಗಿನ ನೀರಿನಲ್ಲಿ ಮುಗಿಯುತ್ತಿತ್ತು. ಖಚಿತವಾದದ್ದು ಸಂಶಯದಿಂದ ರದ್ದಾಗುವುದಿಲ್ಲ ಎಂಬುದು ಫಿಕ್‌ಹ್‌ನ ಮೂಲ ನಿಯಮಗಳಲ್ಲೊಂದು. ವಸ್ವಾಸ್ ಇರುವವರಿಗೆ ನಾವು ಅದನ್ನೇ ಹೇಳಿಕೊಡುತ್ತೇವೆ, ಕೆಲವರಿಗೆ ಅಷ್ಟರಿಂದಲೇ ಸಮಾಧಾನವಾಗುತ್ತದೆ. ಆದರೆ ಗಂಟೆಗಟ್ಟಲೆ ನೀರಿನ ಮುಂದೆ ನಿಂತು ಕೈಯ ಚರ್ಮ ಸುಲಿಯುತ್ತಿದ್ದರೆ, ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿದ್ದರೆ, ಅದಕ್ಕೆ ವೈದ್ಯರು ಬೇಕು. ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ಅಬೂ ಝೈದ್ ಅಲ್‌ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸುಗಳ ಆರೋಗ್ಯವನ್ನು ಕುರಿತು ಬರೆದ ಗ್ರಂಥದಲ್ಲಿ ಇಂಥ ವಸ್ವಾಸ್‌ಗೆ, ಕಾರಣವಿಲ್ಲದ ದುಃಖಕ್ಕೆ ಪ್ರತ್ಯೇಕ ಜಾಗ ಕೊಟ್ಟಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆ ಇದೆ. ದೂರದೂರಿನವರು 14416ಕ್ಕೆ ಕರೆ ಮಾಡಿದರೆ ಸರಕಾರದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ನಿದ್ದೆ ಬಾರದ, ಊಟ ಸೇರದ, ಸಾಯುವ ಮಾತಾಡುವ ಮಗುವಿಗೆ ಈಮಾನ್ ಕಡಿಮೆಯಾಗಿದೆ ಎನ್ನುತ್ತಾ ಕಾಲ ಕಳೆಯಬೇಡಿ. ಇದೂ ಒಂಟೆ ಕಟ್ಟುವ ಕೆಲಸವೇ.

ಒಂದು ಜನಾಂಗ ತನ್ನೊಳಗಿರುವುದನ್ನು ಬದಲಿಸಿಕೊಳ್ಳುವವರೆಗೆ ಅಲ್ಲಾಹನು ಅದರ ಸ್ಥಿತಿಯನ್ನು ಬದಲಿಸುವುದಿಲ್ಲ ಎಂಬ ಅರ್ಥದ ಸೂಕ್ತ ರಅದ್ ಅಧ್ಯಾಯದಲ್ಲಿದೆ (13:11). ಸಭೆಗಳಲ್ಲಿ ಇದನ್ನು ಬಹಳ ಸಲ ಕೇಳಿದ್ದೇವೆ. ಭಾಷಣಕಾರರು ಇದನ್ನು ಸಮುದಾಯಕ್ಕೆ ಹೇಳಿ ಕುಳಿತುಬಿಡುತ್ತಾರೆ, ಕೇಳಿದವರೂ ಇದು ಸಮುದಾಯಕ್ಕೆ ಹೇಳಿದ್ದು ಎಂದುಕೊಂಡು ಎದ್ದು ಹೋಗುತ್ತಾರೆ. ನಮ್ಮೊಳಗೆ ಇರುವುದು ಏನೆಂದು ಮೊದಲು ತಿಳಿಯದೆ ಬದಲಿಸುವುದಾದರೂ ಏನನ್ನು?

ತಿಳಿಯುವ ದಾರಿಯ ಬಗ್ಗೆ ಖುತ್ಬಾದ ನಂತರ ಕೆಲವು ಯುವಕರು ಕೇಳಿದರು. ದೊಡ್ಡ ವಿದ್ಯೆಯೇನೂ ಬೇಡ. ರಮಝಾನ್ ಬಂದಾಗ ಝಕಾತ್‌ಗಾಗಿ ನಮ್ಮಲ್ಲಿ ಹಲವರು ಹೇಗೂ ಲೆಕ್ಕದ ಪುಸ್ತಕ ತೆರೆಯುತ್ತಾರೆ. ಅದೇ ಪುಸ್ತಕದ ಕೊನೆಯ ಪುಟದಲ್ಲಿ, ಕಳೆದ ಮೂರು ವರ್ಷಗಳಿಂದ ಬಿಡದೆ ಕಾಡುತ್ತಿರುವ ಒಂದೇ ಒಂದು ಕಷ್ಟವನ್ನು ಬರೆಯಿರಿ. ಅದರ ಕೆಳಗೆ ಪ್ರತಿ ವರ್ಷ ನೀವು ಅದಕ್ಕೆ ಕೊಟ್ಟ ಕಾರಣವನ್ನು ಬರೆಯಿರಿ. ಮೂರು ವರ್ಷವೂ ಒಂದೇ ಕಾರಣವಿದ್ದು ಅದು ಇನ್ನೂ ಹೋಗಿಲ್ಲವಾದರೆ, ಬಾಡಿಗೆಯೋ ಕಾಯಿಲೆಯೋ ಕೋರ್ಟಿನ ಕೇಸೋ, ಅದಕ್ಕೇ ಕೈ ಹಾಕಬೇಕು. ಒಬ್ಬರಿಂದ ಆಗದಿದ್ದರೆ ಬೈತುಲ್ ಮಾಲ್‌ನವರ ಬಳಿ ಹೋಗಲು ಸಂಕೋಚ ಬೇಡ. ಕಾರಣ ಪ್ರತಿ ವರ್ಷ ಬೇರೆಯಾಗಿದ್ದು ಕಷ್ಟ ಮಾತ್ರ ಅದೇ ಆಗಿದ್ದರೆ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಈ ಕಷ್ಟ ನಾಳೆಯೇ ಪರಿಹಾರವಾದರೆ ನನ್ನಿಂದ ಏನು ಹೋಗುತ್ತದೆ? ಜನರ ಮುಂದಿನ ಹೆಚ್ಚುಗಾರಿಕೆ ಹೋಗಬಹುದು, ತಮ್ಮನ ಮೇಲಿನ ಸಿಟ್ಟು ಹೋಗಬಹುದು, ಏನೂ ಮಾಡದೆ ಕುಳಿತಿರಲು ಇದ್ದ ನೆಪ ಹೋಗಬಹುದು. ಉತ್ತರ ಬರೆಯುವಾಗ ಕೈ ತಡೆದರೆ ಅಲ್ಲಿಯೇ ನಿಲ್ಲಿಸಿ, ಎರಡು ರಕಅತ್ ನಫಿಲ್ ನಮಾಝ್ ಮಾಡಿ, ಮತ್ತೆ ಪೆನ್ನು ಹಿಡಿಯಿರಿ. ಆ ಪುಟವನ್ನು ಇಮಾಮರಿಗೆ ತೋರಿಸಬೇಕಾಗಿಲ್ಲ.